ಬೂಟ್ ಹನುಮಂತಯ್ಯನವರ ಬರಿಗಾಲು

ಲಕ್ಕವಳ್ಳಿಯ ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಹನುಮಂತಯ್ಯನವರ ಮನೆ ಎಲ್ಲಿ ಅಂತ ಕೇಳಿದರೆ ‘ಯಾವ ಹನುಮಂತಯ್ಯ?’ ಅನ್ನುತ್ತಿದ್ದರು. ಬೂಟ್ ಹನುಮಂತಯ್ಯ ಅಂದರೆ ಸಾಕು, ಗೋಲಿ ಆಡುವ ಮಕ್ಕಳೂ ಎದ್ದು ಬಂದು ಬಾಗಿಲು ತೋರಿಸುತ್ತಿದ್ದವು. ಜಲಾಶಯದ ನೀರಿನ ಮಟ್ಟ ನೋಡಿ ಆಫೀಸಿಗೆ ತಿಳಿಸುವ ಗೇಜ್ ರೀಡರ್ ಕೆಲಸ ಅವರದು. ಕೆಸರಿರಲಿ, ಪಾಚಿ ಕಟ್ಟಿದ ಮೆಟ್ಟಿಲಿರಲಿ, ಪಾಲಿಶ್ ಹೊಡೆದ ಕಪ್ಪು ಬೂಟು ಕಾಲಲ್ಲಿ ಇರಲೇಬೇಕು. ಎಂಜಿನಿಯರ್ ಸಾಹೇಬರು ಹವಾಯಿ ಚಪ್ಪಲಿಯಲ್ಲಿ ಬಂದ ದಿನವೂ ಇವರು ಬೂಟಿನಲ್ಲೇ ಬಂದಿದ್ದಾರೆ. ಮನೆಯೊಳಗೆ ಓಡಾಡುವುದಕ್ಕೆ ಇನ್ನೊಂದು ಜೊತೆ ಬೇರೆ ಇತ್ತು.

ದೇವಸ್ಥಾನಗಳ ಸಹವಾಸ ಬಿಟ್ಟಿದ್ದಕ್ಕೆ ಅವರಿಗೆ ಹತ್ತಾರು ಕಾರಣಗಳಿದ್ದವು. ಬಾಗಿಲಲ್ಲಿ ಬಿಚ್ಚಬೇಕು ಅನ್ನುವುದೂ ಅವುಗಳಲ್ಲೊಂದು. ಮುಂದೆ ಮನೆಮಂದಿಯೆಲ್ಲ ಬೌದ್ಧರಾದರು. ವಿಹಾರಕ್ಕೆ ಹೋದರೆ ಅಲ್ಲೂ ಅದೇ ಕಥೆ, ಬಾಗಿಲಲ್ಲೇ ಬಿಚ್ಚಬೇಕು! ಹನುಮಂತಯ್ಯ ಹೊರಗೆ ಬೇವಿನ ಮರದ ಕೆಳಗೆ ನಿಂತು ಕೈಮುಗಿದರೇ ಹೊರತು ಒಳಗೆ ಕಾಲಿಡಲಿಲ್ಲ. “ಬುದ್ಧ ಬೇಜಾರ್ ಮಾಡ್ಕಳಲ್ಲ ಬಿಡಿ, ಅವನಿಗೆ ಅರ್ಥ ಆಗ್ತದೆ” ಅಂದರು.

ಜನ ಇದನ್ನೆಲ್ಲ ಶೋಕಿ ಅಂದುಕೊಂಡಿದ್ದರು. ಜನಕ್ಕೇನು, ಅವರಿಗೆ ಕಂಡದ್ದು ಬೂಟಿನ ಹೊಳಪು ಮಾತ್ರ.

ಹನುಮಂತಯ್ಯನವರಿಗೆ ಹತ್ತು ಹನ್ನೊಂದು ವರ್ಷವಾಗಿದ್ದಾಗಿನ ಮಾತು. ಅಜ್ಜಂಪುರದ ಆಚೆ, ಇವತ್ತು ಹೆಸರು ಹೇಳಿದರೆ ಜಗಳಕ್ಕೆ ಬರುವಂಥ ಒಂದು ಹಳ್ಳಿ. ಅವ್ವ ಓಬಮ್ಮನಿಗೆ ತೆಂಗಿನ ತೋಟಗಳಲ್ಲಿ ಕೂಲಿ. ಪೇಟೆ ಕಡೆ ಕೆಲಸಕ್ಕೆ ಹೋಗಿದ್ದ ಸೋದರಮಾವ ಯಾರದೋ ಮನೆ ಹುಡುಗನ ಹಳೆಯ ಕ್ಯಾನ್ವಾಸ್ ಬೂಟು ತಂದುಕೊಟ್ಟಿದ್ದ. ಹುಡುಗ ಅದನ್ನು ಹಾಕಿಕೊಂಡು ಸ್ಕೂಲಿಗೆ ಹೊರಟ. ಸ್ಕೂಲಿಗೆ ಹೋಗಲು ದೊಡ್ಡ ಬೀದಿ ದಾಟಬೇಕು. ಆ ಬೀದಿಯಲ್ಲಿ ಇವರ ಕೇರಿಯವರು ಕಾಲಿಗೆ ಏನನ್ನೂ ಹಾಕುವಂತಿರಲಿಲ್ಲ. ಚಪ್ಪಲಿ ಇದ್ದವರು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ದಾಟುತ್ತಿದ್ದರು. ಹುಡುಗನಿಗೆ ಅದು ಗೊತ್ತಿತ್ತು. ಆದರೂ ಹೊಸ ಖುಷಿಯಲ್ಲಿ ಬಿಚ್ಚಲು ಮನಸ್ಸು ಬರಲಿಲ್ಲ.

ಜಗಲಿಯ ಮೇಲೆ ಆಗಷ್ಟೇ ಮೀಸೆ ಚಿಗುರುತ್ತಿದ್ದ ಒಬ್ಬ ಹಲ್ಲುಜ್ಜುತ್ತ ಕೂತಿದ್ದ. ಓಬಮ್ಮ ಕೂಲಿಗೆ ಹೋಗುತ್ತಿದ್ದ ತೋಟದ ಯಜಮಾನರ ಮಗ, ಕೆಂಚಪ್ಪ. “ಲೇ, ಏನ್ಲಾ ಅದು ಕಾಲಲ್ಲಿ? ಬಿಚ್ಲಾ” ಅಂದ. ಬಿಚ್ಚಿಸಿ ಸುಮ್ಮನಾಗಲಿಲ್ಲ, ಎರಡನ್ನೂ ತಲೆಯ ಮೇಲೆ ಹೊರಿಸಿ ಬೀದಿಯ ಕೊನೆಯವರೆಗೂ ನಡೆಸಿದ. ಬೀದಿಯ ತುಂಬ ಜನ. ಯಾರೂ ಬಾಯಿ ಬಿಡಲಿಲ್ಲ. ಎದುರಿಗೆ ಹುಲ್ಲುಹೊರೆ ಹೊತ್ತು ಬರುತ್ತಿದ್ದ ಓಬಮ್ಮ ಮಗನನ್ನು ನೋಡಿದಳು. ನೋಡಿ, ನೋಡದವಳ ಹಾಗೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಹುಡುಗನಿಗೆ ಕೆಂಚಪ್ಪನ ನಗುವಿಗಿಂತ ಅವ್ವ ಮುಖ ತಿರುಗಿಸಿದ್ದೇ ಹೆಚ್ಚು ಸುಟ್ಟಿತು. ಈ ಸಂಗತಿಯನ್ನು ಅವರು ಕಟ್ಟಿಕೊಂಡ ಹೆಂಡತಿಗೂ ಹೇಳಲಿಲ್ಲ, ಹೆತ್ತ ಮಗಳಿಗೂ ಹೇಳಲಿಲ್ಲ. ಕೆಲಸ ಸಿಕ್ಕಿ ಮೊದಲ ಸಂಬಳ ಬಂದಾಗ ತರೀಕೆರೆಗೆ ಬಂದು ಬೂಟು ಕೊಂಡರು, ಅಷ್ಟೇ.

ರಿಟೈರ್ ಆದರು, ಹೆಂಡತಿ ತೀರಿಕೊಂಡರು. ಆಮೇಲೆ ಒಂದು ದಿನ ಬಚ್ಚಲಲ್ಲಿ ಬಿದ್ದರು. ಮೂಳೆ ಮುರಿಯಲಿಲ್ಲ, ಆಯಸ್ಸು ಗಟ್ಟಿಯಿತ್ತು. ಆದರೆ ಪರೀಕ್ಷೆ ಮಾಡಿದ ಡಾಕ್ಟರು ಕಾಲುಚೀಲ ತೆಗೆಸಿ ಪಾದ ನೋಡಿ ತಲೆ ಕೊಡವಿದರು. ಐವತ್ತು ವರ್ಷ ಬಿಗಿ ಬೂಟಿನಲ್ಲಿದ್ದ ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಪಾದಕ್ಕೆ ನೆಲ ಹಿಡಿಯುವುದೇ ಮರೆತುಹೋಗಿತ್ತು. ಮೀನಖಂಡದಲ್ಲಿ ಶಕ್ತಿಯಿರಲಿಲ್ಲ. “ದಿನಾ ಬರಿಗಾಲಲ್ಲಿ ನೆಲದ ಮೇಲೆ ಕಸರತ್ತು ಮಾಡ್ಬೇಕು. ಇನ್ನೊಂದ್ಸಲ ಬಿದ್ರೆ ತೊಡೆ ಮೂಳೆ ಹೋಗ್ತದೆ. ಆಮೇಲೆ ಮಂಚವೇ ಗತಿ” ಅಂದರು ಡಾಕ್ಟರು. ಹನುಮಂತಯ್ಯ ತಲೆಯಾಡಿಸಿ, ಅಲ್ಲೇ ಕೂತು, ಮತ್ತೆ ಬೂಟು ಕಟ್ಟಿಕೊಂಡು ಎದ್ದು ಬಂದರು. ಮಾನ ಮುಖ್ಯವೋ ಕಾಲು ಮುಖ್ಯವೋ ಅಂತ ದಡದ ಮೇಲೆ ಕೂತವರು ಸುಲಭವಾಗಿ ಕೇಳಬಹುದು. ಬಿಚ್ಚಿಸಿಕೊಂಡವರಿಗೇ ಗೊತ್ತು ಅದರ ಉರಿ.

ಮಗಳು ಪ್ರಜ್ಞಾ ಅವರನ್ನು ಅಜ್ಜಂಪುರಕ್ಕೆ ತನ್ನ ಮನೆಗೆ ಕರೆತಂದಳು. ಅಳಿಯ ಧನಪಾಲ್ ಹೈಸ್ಕೂಲ್ ಮೇಷ್ಟರು, ಸಾಧು ಮನುಷ್ಯ. ಪ್ರಜ್ಞಾ ದೈಹಿಕ ಶಿಕ್ಷಣ ಓದಿದವಳು. ಒಂದೆರಡು ಖಾಸಗಿ ಸ್ಕೂಲುಗಳಲ್ಲಿ ದುಡಿದು, ಬೇಸತ್ತು, ಮೈಸೂರಿಗೆ ಹೋಗಿ ಡ್ಯಾನ್ಸ್ ಫಿಟ್‌ನೆಸ್ ಕಲಿತು ಬಂದಿದ್ದಳು. ಬೀರೂರು ರಸ್ತೆಯ ಒಂದು ಕೊಬ್ಬರಿ ಗೋದಾಮಿನ ಮಹಡಿಯನ್ನು ಬಾಡಿಗೆಗೆ ಹಿಡಿದು ಬೆಳಿಗ್ಗೆ ಹೊತ್ತು ಕ್ಲಾಸು ನಡೆಸುತ್ತಿದ್ದಳು. ಕೆಂಪು ಗಾರೆಯ ನೆಲ, ಮೂಗಿಗೆ ಯಾವಾಗಲೂ ಕೊಬ್ಬರಿ ವಾಸನೆ. ಅಲ್ಲಿ ಬರಿಗಾಲೇ ಕಟ್ಟಳೆ. ಇದೂ ಒಂದು ವಿಧಿಯ ಚೇಷ್ಟೆ ಅನ್ನಬೇಕು. ಬೂಟ್ ಹನುಮಂತಯ್ಯನವರ ಮಗಳು ಊರಿನವರಿಗೆಲ್ಲ ‘ಚಪ್ಪಲಿ ಬಿಚ್ಚಿ ಬನ್ನಿ’ ಅಂತ ಹೇಳಿ ಅನ್ನ ತಿನ್ನುತ್ತಿದ್ದಳು.

“ಬಂದು ಕೂತ್ಕ ಸಾಕು, ಅಪ್ಪ. ನೋಡ್ತಾ ನೋಡ್ತಾ ಮನಸ್ಸು ಬತ್ತದೆ” ಅಂತ ಅವಳು ದಿನಾ ಗೋಗರೆದಳು. ಅವಳ ಕಾಟ ತಡೆಯಲಾರದೆ ಒಂದು ದಿನ ಹೋದರು. ಬಾಗಿಲ ಪಕ್ಕದಲ್ಲಿ ಗೋಣಿಚೀಲ ಹಾಸಿ ಅದರ ಮೇಲೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದಳು. ಹನುಮಂತಯ್ಯ ಬೂಟು ಹಾಕಿಕೊಂಡೇ ಕೂತರು. ಎದುರಿಗೆ ಹೆಂಗಸರು, ಬ್ಯಾಂಕಿನವರು, ಅಂಗಡಿಯವರು, ಕೆಲವು ವಯಸ್ಸಾದವರು ಸಾಲಾಗಿ ನಿಂತಿದ್ದರು.

“ಕುಣಿಯೋದು ಆಮೇಲೆ, ಮೊದ್ಲು ನಿಂತ್ಕಳೋದು ಕಲೀರಿ” ಅಂದಳು ಪ್ರಜ್ಞಾ. “ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ. ಮೂರು ಕಲ್ಲಿನ ಒಲೆ ಇದ್ದಂಗೆ. ಒಂದು ಕಲ್ಲು ಎದ್ರೂ ಮೇಲಿನ ಮಡಕೆ ಮಗುಚ್ತದೆ. ಬೆರಳು ಅಗಲ ಮಾಡಿ, ನೆಲ ಹಿಡೀರಿ. ಮಂಡಿ ಒಳಕ್ಕೆ ವಾಲ್ಬಾರ್ದು, ಎರಡನೇ ಬೆರಳ ನೇರಕ್ಕೆ ಇರ್ಬೇಕು. ಈಗ ಹಿಮ್ಮಡಿ ಎತ್ತಿ... ನಿಧಾನಕ್ಕೆ ಇಳಿಸಿ. ಸದ್ದು ಬರ್ಬಾರ್ದು.” ಆಮೇಲೆ ಫೋನಿನಿಂದ ಹಾಡು ಹಾಕಿದಳು, ಸಾಲುಗಳು ಕುಣಿಯತೊಡಗಿದವು. ಮಗಳು ಹೇಳಿಕೊಡುವುದನ್ನು ಕಂಡು ಹನುಮಂತಯ್ಯನವರಿಗೆ ಹೆಮ್ಮೆಯಾಯಿತು. ಆದರೂ ನಾಳೆ ಬರುವುದು ಬೇಡ ಅಂತಲೇ ಅಂದುಕೊಂಡರು.

ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಕೆಮ್ಮು ಕೇಳಿಸಿತು. ಸ್ಫೂರ್ತಿ ಅನ್ನುವ ಹೆಣ್ಣುಮಗಳೊಬ್ಬಳು ಮಂಡಿನೋವಿನ ಮಾವನನ್ನು ಮೊದಲ ಸಲ ಕ್ಲಾಸಿಗೆ ಕರೆತಂದಿದ್ದಳು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಎಪ್ಪತ್ತೈದರ ಆಸುಪಾಸು. ಹನುಮಂತಯ್ಯನವರಿಗೆ ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತು. ಕೆಂಚಪ್ಪ. ಮೀಸೆ ಬೆಳ್ಳಗಾಗಿತ್ತು, ದವಡೆ ಮಾತ್ರ ಅದೇ.

“ಬನ್ನಿ ಯಜಮಾನ್ರೇ. ಚಪ್ಪಲಿ ಹೊರಗೇ ಬಿಚ್ಬಿಡಿ” ಅಂದಳು ಪ್ರಜ್ಞಾ.

“ಆಗ್ಲಿ ಕಣಮ್ಮ” ಅಂತ ಕೆಂಚಪ್ಪ ಬಾಗಿ, ಚಪ್ಪಲಿ ಬಿಚ್ಚಿಟ್ಟು, ಬರಿಗಾಲಲ್ಲಿ ಒಳಗೆ ಬಂದು ಸಾಲಿನಲ್ಲಿ ನಿಂತರು. ಬೂಟು ಹಾಕಿಕೊಂಡು ಕುರ್ಚಿಯಲ್ಲಿ ಕೂತವರು ಹನುಮಂತಯ್ಯ. ಇದು ಕನಸಲ್ಲವಲ್ಲ ಅಂತ ಕುರ್ಚಿಯ ತೋಳು ಹಿಡಿದು ನೋಡಿಕೊಂಡರು.

ಮರುದಿನ ಪ್ರಜ್ಞಾ ಏಳುವ ಮೊದಲೇ ಅಪ್ಪ ಸ್ನಾನ ಮುಗಿಸಿ ಸಿದ್ಧರಾಗಿದ್ದರು. ಬೂಟಿಗೆ ಎರಡು ಸಲ ಪಾಲಿಶ್ ಬಿದ್ದಿತ್ತು. ‘ಕೊನೆಗೂ ಅಪ್ಪನಿಗೆ ಮನಸ್ಸು ಬಂತು’ ಅಂತ ಅವಳು ಹಿಗ್ಗಿದಳು. ಪಾಪದ ಹುಡುಗಿ! ಅಪ್ಪನಿಗೆ ಬಂದಿದ್ದು ಬೇರೆ ಮನಸ್ಸು. ದಿನಾ ಬೆಳಿಗ್ಗೆ ಕಾಲ ಮೇಲೆ ಕಾಲು ಹಾಕಿ, ಬೂಟಿನ ತುದಿಯನ್ನು ಕೆಂಚಪ್ಪನ ಕಡೆ ಚಾಚಿ ಕೂರುವುದು, ಅವರು ಬರಿಗಾಲಲ್ಲಿ ತತ್ತರಿಸುವುದನ್ನು, ಒಂಟಿಕಾಲಲ್ಲಿ ನಿಲ್ಲಲಾಗದೆ ಗೋಡೆ ಹಿಡಿಯುವುದನ್ನು ಕಣ್ತುಂಬ ನೋಡುವುದು. ಇದರ ಮುಂದೆ ಸ್ವರ್ಗವೂ ಏನೂ ಅಲ್ಲ ಅನ್ನಿಸುತ್ತಿತ್ತು. ಯಾರಿಗೆ ಬೇಕು ಕಸರತ್ತು? ಇದನ್ನು ಬಿಟ್ಟು, ತಾನೂ ಬಿಚ್ಚಿ ಅದೇ ಸಾಲಿನಲ್ಲಿ ಅದೇ ಮನುಷ್ಯನ ಪಕ್ಕ ನಿಲ್ಲುವುದೇ? ಸತ್ತರೂ ಇಲ್ಲ.

ಆದರೆ ಕಾಲು ಯಾರ ಮಾತನ್ನೂ ಕೇಳುವುದಿಲ್ಲ. ಕೆಂಚಪ್ಪನ ಪಾದ ಹೊಲದಲ್ಲಿ, ತೋಟದಲ್ಲಿ ಬರಿದಾಗಿ ತಿರುಗಿದ ಪಾದ, ಮೊರದ ಹಾಗೆ ಅಗಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅವರು ಗೋಡೆ ಬಿಟ್ಟರು. ಮಂಡಿ ಮಡಿಸಿ ಕುಕ್ಕರುಗಾಲಲ್ಲಿ ಕೂತು, ಕೈಯಲ್ಲಿ ನೆಲ ಮುಟ್ಟದೆ ಏಳತೊಡಗಿದರು. ಹೆಂಗಸರು ಚಪ್ಪಾಳೆ ತಟ್ಟಿದರು. ಇತ್ತ ಹನುಮಂತಯ್ಯನವರಿಗೆ ಕುರ್ಚಿಯಿಂದ ಏಳಲು ಎರಡೂ ಕೈ ಬೇಕಾಗಿದ್ದವು. ಮೆಟ್ಟಿಲಲ್ಲಿ ಬೂಟಿನ ತುದಿ ತಾಗುತ್ತಿತ್ತು. ಯಾರ ಅವಮಾನ ನೋಡಲು ಬರುತ್ತಿದ್ದರೋ ಅವರು ದಿನದಿನಕ್ಕೆ ಗಟ್ಟಿಯಾಗುತ್ತಿದ್ದರು. ನೋಡಲು ಬಂದವರೇ ಕುರ್ಚಿಗೆ ಕಟ್ಟಿಹಾಕಿದ ಹಾಗಾಗಿದ್ದರು.

ಒಂದು ದಿನ ಕ್ಲಾಸು ಮುಗಿದ ಮೇಲೆ ಕೆಂಚಪ್ಪ ಬೆವರು ಒರೆಸುತ್ತ ಹತ್ತಿರ ಬಂದರು. “ನೀನು ನಮ್ಮ ಓಬಮ್ಮನ ಮಗ ಅಲ್ವೇನಪ್ಪಾ? ಸ್ಫೂರ್ತಿ ಹೇಳಿದ್ಲು, ಮೇಡಮ್ಮೋರ ತಂದೆ ನಮ್ಮೂರೋರೇ ಅಂತ. ನಿಮ್ಮವ್ವ ಒಳ್ಳೇ ಹೆಂಗ್ಸು ಕಣಪ್ಪ. ನಮ್ ತೋಟದಲ್ಲಿ ಎಷ್ಟು ದುಡಿದ್ಲು! ಒಂದಿನ ಎದುರು ಮಾತಾಡ್ದೋಳಲ್ಲ” ಅಂದರು. ಮುಖದಲ್ಲಿ ಕಪಟ ಕಾಣಲಿಲ್ಲ, ಅಳುಕೂ ಕಾಣಲಿಲ್ಲ. ಹಳೆಯ ನೆಂಟರ ಹಾಗೆ ನಕ್ಕು, ಮೆಟ್ಟಿಲನ್ನು ಕಂಬಿ ಹಿಡಿಯದೆ ಇಳಿದು ಹೋದರು.

ಹನುಮಂತಯ್ಯ ಕೂತೇ ಇದ್ದರು. ಅಂದರೆ ಈ ಮನುಷ್ಯನಿಗೆ ಏನೂ ನೆನಪಿಲ್ಲ. ಇಷ್ಟು ದಿನ ಬೂಟು ಚಾಚಿ ಕೂತಿದ್ದು ಯಾರಿಗೆ ತೋರಿಸಲು? ತೀರಿಸಿಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದ ಸೇಡು ಎದುರಿನವನಿಗೆ ತಲುಪಿಯೇ ಇರಲಿಲ್ಲ. ಪ್ರಜ್ಞಾ ಸ್ಪೀಕರ್ ಎತ್ತಿಕೊಂಡು ಕೆಳಗೆ ಹೋಗಿದ್ದಳು. ಅವರು ಎದ್ದು ಮೆಟ್ಟಿಲ ತುದಿಗೆ ಬಂದರು. ಕೆಳಗೆ ನೋಡಿದರೆ ತಲೆ ತಿರುಗಿತು. ಒಂದು ಕಾಲು ಮುಂದಿಟ್ಟರೆ ಇನ್ನೊಂದು ಕಾಲು ತನ್ನದಲ್ಲ ಅನ್ನಿಸಿತು. ಕೂಗಿದರೆ ಮಗಳು ಬರುತ್ತಾಳೆ, ಜೊತೆಗೆ ಗೋದಾಮಿನ ಹಮಾಲರೂ ಬರುತ್ತಾರೆ. ಅಲ್ಲೇ ಉಳಿಯುವಂತಿಲ್ಲ, ಕೆಳಗೆ ಇಳಿಯುವಂತಿಲ್ಲ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಟ್ಟಿಲ ಮೇಲೆ ಕೂತು, ಎಳೆಗೂಸಿನ ಹಾಗೆ ಕುಂಡೆಯಲ್ಲಿ ತೆವಳುತ್ತ ಒಂದೊಂದೇ ಮೆಟ್ಟಿಲು ಇಳಿದರು. ಬೂಟುಗಳು ಮುಂದೆ ಮುಂದೆ ಟಕ್ ಟಕ್ ಎನ್ನುತ್ತ ಹೋದವು. ಬಾಗಿಲಲ್ಲಿ ಎದ್ದು ನಿಂತು ಪ್ಯಾಂಟಿನ ಧೂಳು ಕೊಡವಿಕೊಳ್ಳುವಾಗ ಅವರಿಗೆ ಅಳು ಬಂತು.

ಪ್ರಜ್ಞಾ ಕೆಳಗಿನಿಂದ ನೋಡಿದ್ದಳು. ಅಲ್ಲಿ ಏನೂ ಕೇಳಲಿಲ್ಲ. ಮನೆಗೆ ಬಂದು ತಿಂಡಿ ಬಡಿಸುವಾಗ ಅಂದಳು, “ಅಪ್ಪ, ನೀನು ಅಲ್ಲಿಗೆ ಕಲಿಯಾಕೆ ಬರ್ತಿಲ್ಲ. ಏನೋ ನೋಡಾಕೆ ಬರ್ತಿದೀಯ. ಅದೇನು ಅಂತ ನಂಗೊತ್ತಿಲ್ಲ. ನೀನು ಮಂಚ ಹಿಡಿದ್ರೆ ನಾನು ಎತ್ತಿ ನೋಡ್ಕತೀನಿ, ಅದಕ್ಕೇನಿಲ್ಲ. ಆದ್ರೆ ನನ್ ಕೈಲಿ ಊರೋರನ್ನೆಲ್ಲ ನಿಲ್ಲಿಸೋಕೆ ಆಯ್ತು, ನಮ್ಮಪ್ಪನ್ನ ನಿಲ್ಲಿಸೋಕೆ ಆಗ್ಲಿಲ್ಲ ಅನ್ನೋದು ಉಳ್ಕಂಬಿಡ್ತದೆ.” ಹನುಮಂತಯ್ಯ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತರು. ಉಪ್ಪಿಟ್ಟು ಆರಿಹೋಯಿತು.

ಮರುದಿನ ಕ್ಲಾಸಿನಲ್ಲಿ ಎಂದಿನಂತೆ ಕುರ್ಚಿಯಲ್ಲಿ ಕೂತರು. ಹಾಡು ಶುರುವಾಗಿತ್ತು. ಪ್ರಜ್ಞಾ ಎದುರು ಗೋಡೆಯ ಹತ್ತಿರ ನಿಂತು ಹೆಜ್ಜೆ ಹೇಳಿಕೊಡುತ್ತಿದ್ದಳು. ಯಾರಿಗೂ ಹೇಳದೆ ಹನುಮಂತಯ್ಯ ಬಗ್ಗಿ ಬೂಟಿನ ದಾರಕ್ಕೆ ಕೈ ಹಾಕಿದರು. ಕೈ ಎಟುಕಲಿಲ್ಲ. ಮನೆಯಲ್ಲಾದರೆ ಮಂಚದ ಮೇಲೆ ಕೂತು ಕಾಲನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದರು. ಇಲ್ಲಿ ಕುರ್ಚಿ ಕಿರಿದು, ಬಗ್ಗಿದರೆ ಉಸಿರು ಕಟ್ಟುತ್ತಿತ್ತು. ಬೆರಳ ತುದಿಗೆ ಸಿಕ್ಕ ದಾರ ಎಳೆದರೆ ಗಂಟು ಇನ್ನಷ್ಟು ಬಿಗಿಯಿತು. ಕೊನೆಗೆ ಬಿಚ್ಚಬೇಕು ಅಂತ ಮನಸ್ಸು ಮಾಡಿದ ದಿನ ಬಿಚ್ಚಲೂ ಬರುತ್ತಿಲ್ಲ!

ಹಿಂದಿನ ಸಾಲಿನಲ್ಲಿದ್ದ ಕೆಂಚಪ್ಪ ಅದನ್ನು ಕಂಡರು. ನೇರವಾಗಿ ಬಂದವರೇ ಕುರ್ಚಿಯ ಮುಂದೆ ಸಲೀಸಾಗಿ ಕುಕ್ಕರುಗಾಲಲ್ಲಿ ಕೂತು ಬೂಟಿಗೆ ಕೈ ಚಾಚಿದರು.

“ಮುಟ್ಬ್ಯಾಡಿ!”

ಆ ಕೂಗಿಗೆ ಕುಣಿಯುತ್ತಿದ್ದವರೆಲ್ಲ ನಿಂತರು. ಪ್ರಜ್ಞಾ ಹಾಡು ನಿಲ್ಲಿಸಿದಳು. ಕೆಂಚಪ್ಪನ ಕೈ ಗಾಳಿಯಲ್ಲೇ ಉಳಿಯಿತು.

“ಯಾಕಪ್ಪಾ? ಗಂಟು ಬಿಗಿದೈತೆ, ಬಿಚ್ಕೊಡಾನ ಅಂತ...”

“ನಿಮ್ಗೆ ಒಂದ್ಸಲ ಬಿಚ್ಚಿಸಿದ್ದು ಸಾಲ್ದೇನ್ರೀ?” ಅಂದರು ಹನುಮಂತಯ್ಯ, ಕಾಲನ್ನು ಹಿಂದಕ್ಕೆ ಎಳೆದುಕೊಂಡು. “ದೊಡ್ಡ ಬೀದೀಲಿ, ನಿಮ್ಮ ಜಗಲಿ ಮುಂದೆ. ಬಿಚ್ಚಿಸಿ, ತಲೆ ಮೇಲೆ ಹೊರಿಸಿ ನಡೆಸಿದ್ರಿ. ನಾನಿನ್ನೂ ಚಿಕ್ಕ ಹುಡ್ಗ. ಎದುರಿಗೆ ನಮ್ಮವ್ವ ಬತ್ತಿದ್ಲು. ನನ್ನ ನೋಡಕ್ಕಾಗ್ದೆ ಗೋಡೆ ಕಡೆ ತಿರುಕ್ಕಂಡ್ಲು. ಸಾಯೋ ತಂಕ ಆ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.”

ಸ್ಫೂರ್ತಿ ತಲೆ ತಗ್ಗಿಸಿದಳು. ಪ್ರಜ್ಞಾಳಿಗೆ ಹುಟ್ಟಿದಾಗಿನಿಂದ ಕಂಡ ಆ ಬೂಟುಗಳ ಅರ್ಥ ಒಂದೇ ಸಲಕ್ಕೆ ಎದೆಗೆ ಬಂದು ಬಡಿಯಿತು. ಅವಳು ಬಾಯಿಗೆ ದುಪ್ಪಟ್ಟಾ ಒತ್ತಿಕೊಂಡಳು.

“ನಂಗೆ ನೆಪ್ಪಿಲ್ಲ ಕಣಪ್ಪ” ಅಂದರು ಕೆಂಚಪ್ಪ, ನೆಲ ನೋಡುತ್ತ.

“ನಂಗೈತೆ.”

ಪ್ರಜ್ಞಾ ಓಡಿ ಬಂದಳು. “ಅಪ್ಪ, ಬ್ಯಾಡ ಬಿಡು. ಬಿಚ್ಚೋದೇ ಬ್ಯಾಡ, ಮನೆಗೆ ಹೋಗಾನ ನಡಿ” ಅಂದಳು. ಹನುಮಂತಯ್ಯ ಅವಳನ್ನೂ ಕೈಯಿಂದ ತಡೆದರು. ಇನ್ನೊಂದು ಕುರ್ಚಿ ತರಿಸಿಕೊಂಡು ಅದರ ಮೇಲೆ ಕಾಲು ಎತ್ತಿಟ್ಟರು. ಗಂಟನ್ನು ಉಗುರಿನಿಂದ ಮೀಟಿ ಮೀಟಿ ಬಿಡಿಸಿದರು. ಹೊತ್ತು ಹಿಡಿಯಿತು. ಎಲ್ಲರೂ ಕಾದರು, ಯಾರೂ ಸಹಾಯಕ್ಕೆ ಬರಲಿಲ್ಲ, ಬರುವ ಧೈರ್ಯವೂ ಯಾರಿಗಿರಲಿಲ್ಲ. ಒಂದು ಬೂಟು ಬಂತು, ಇನ್ನೊಂದು ಬಂತು. ಕಾಲುಚೀಲ ತೆಗೆದರು. ಬಿಸಿಲು ಕಾಣದ ಬಿಳಿಚಿದ ಪಾದಗಳು, ಮುದುಡಿದ ಬೆರಳುಗಳು. ಅವುಗಳನ್ನು ಊರಿನವರೆದುರು ಹೀಗೆ ಬಿಚ್ಚಿಟ್ಟುಕೊಂಡಾಗ ಅವರಿಗೆ ಮೈಮೇಲಿನ ಬಟ್ಟೆಯೇ ಹೋದ ಹಾಗೆ ನಾಚಿಕೆಯಾಯಿತು. ನಾಚಿಕೆಯನ್ನು ಹಲ್ಲುಕಚ್ಚಿ ನುಂಗಿದರು. ಇವತ್ತು ಬಿಚ್ಚಿದ್ದು ತಾನು, ತನ್ನ ಕೈಯಾರೆ. ಅದೊಂದನ್ನೇ ಮನಸ್ಸಿನಲ್ಲಿ ಹಿಡಿದುಕೊಂಡರು.

ಗೋಣಿಚೀಲ ದಾಟಿ ಗಾರೆಯ ಮೇಲೆ ಕಾಲಿಟ್ಟರು. ನೆಲ ತಣ್ಣಗಿತ್ತು.

“ಹೆಬ್ಬೆರಳ ಬುಡ ಒತ್ತು, ಅಪ್ಪ” ಅಂದಳು ಪ್ರಜ್ಞಾ. “ಕಿರುಬೆರಳು... ಹಿಮ್ಮಡಿ. ಈಗ ಕುರ್ಚಿ ಬಿಡು.”

ಬಿಟ್ಟರು. ಒಂದು ಗಳಿಗೆ ನಿಂತರು. ಆಮೇಲೆ ಕಾಲ ಕೆಳಗಿನ ನೆಲವೇ ವಾಲಿದ ಹಾಗಾಯಿತು. ಪ್ರಜ್ಞಾ ಎಡಗಡೆಯಿದ್ದಳು, ಅವರು ವಾಲಿದ್ದು ಬಲಕ್ಕೆ. ಸಿಕ್ಕಿದ್ದನ್ನು ಎರಡೂ ಕೈಯಲ್ಲಿ ಹಿಡಿದರು. ಸಿಕ್ಕಿದ್ದು ಪಕ್ಕಕ್ಕೆ ಸರಿದು ನಿಂತಿದ್ದ ಕೆಂಚಪ್ಪನ ಹೆಗಲು.

ಕೆಂಚಪ್ಪ ಈ ಸಲ ಕೈ ಚಾಚಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ಭಾರ ಬಿದ್ದ ಕಡೆ ಕಾಲು ಅಗಲಿಸಿ ಗಟ್ಟಿಯಾಗಿ ನಿಂತುಕೊಂಡರು. ಎದುರು ಗೋಡೆಯನ್ನೇ ನೋಡುತ್ತ, ಹನುಮಂತಯ್ಯನವರಿಗೆ ಮಾತ್ರ ಕೇಳುವ ಹಾಗೆ ಅಂದರು, “ಸುಳ್ಳು ಹೇಳ್ದೆ ಕಣಪ್ಪ. ನೆಪ್ಪೈತೆ.”

ಹನುಮಂತಯ್ಯನವರಿಗೆ ಮೈಯೆಲ್ಲ ಉರಿದುಹೋಯಿತು. ಆ ಹೆಗಲಿನಿಂದ ಕೈ ಕಿತ್ತುಕೊಳ್ಳಬೇಕು ಅನ್ನಿಸಿತು. ಕಿತ್ತುಕೊಂಡರೆ ಬೀಳುತ್ತಿದ್ದರು. ಕಣ್ಣಿನಿಂದ ಇಳಿದ ನೀರನ್ನು ಒರೆಸಿಕೊಳ್ಳಲೂ ಕೈಗೆ ಬಿಡುವಿರಲಿಲ್ಲ. ಉಗುರು ಊರುವಷ್ಟು ಬಿಗಿಯಾಗಿ ಆ ಹೆಗಲನ್ನು ಹಿಡಿದುಕೊಂಡು, ಬೆರಳುಗಳನ್ನು ನೆಲಕ್ಕೆ ಒತ್ತಿ, ನಿಂತರು.